ಶಿವಮೊಗ್ಗ ಆಟೋ ಕಾಂಪ್ಲೆಕ್ಸಿನ ಹಳೇ ಫಿಯಟ್ ಮೇಸ್ತ್ರಿ: ಗಾಡಿ ನಿಲ್ಲೋ ತನಕ ಬಿಡಲ್ಲ ಈ ಮನುಷ್ಯ

ಮೊದಲೇ ಹೇಳ್ಬಿಡ್ತೀನಿ, ಈ ಗ್ಯಾರೇಜ್ ರಿವ್ಯೂ ಹಳೇ ಗಾಡಿ ಇಟ್ಕೊಂಡು ಒದ್ದಾಡ್ತಿರೋರಿಗೆ ಮಾತ್ರ. ಹೊಸ ಗಾಡಿ ಇರೋರು ಶೋರೂಮಿಗೆ ಹೋಗ್ತೀರಿ, ಎಸಿ ರೂಮಲ್ಲಿ ಕೂತು ಕಾಫಿ ಕುಡೀತೀರಿ, ನಿಮಗೆ ಈ ಜಾಗ ಹಿಡಿಸಲ್ಲ. ಇಲ್ಲಿ ಕೂರೋಕೆ ಇರೋದು ಯಾವುದೋ ಅಂಬಾಸಿಡರಿಂದ ಕಿತ್ತ ಹಿಂದಿನ ಸೀಟು, ಅದರ ಮೇಲೆ ಒಂದು ಕರೀ ನಾಯಿ ಮಲಗಿರತ್ತೆ, ಅದು ಎದ್ರೆ ನಿಮಗೆ ಜಾಗ.

ನಮ್ಮದು 1991ರ ಪ್ರೀಮಿಯರ್ ಪದ್ಮಿನಿ. ಪದ್ಮಿನಿ ಅಂತ ನಮ್ಮ ತೀರ್ಥಹಳ್ಳಿ ಕಡೆ ಯಾರೂ ಅನ್ನಲ್ಲ ಬಿಡಿ, ಎಲ್ಲರಿಗೂ ಅದು ಫಿಯಟ್ಟೇ. 1089 ಸಿಸಿ ಪೆಟ್ರೋಲ್ ಇಂಜಿನ್ನು, ಸ್ಟೇರಿಂಗ್ ಪಕ್ಕದಲ್ಲೇ ಗೇರು, ಮುಂದೆ ಉದ್ದಕ್ಕೆ ಒಂದೇ ಸೀಟು. ಅಪ್ಪಯ್ಯ ಅಡಿಕೆ ಮಾರಿದ ದುಡ್ಡಲ್ಲಿ ತಗೊಂಡಿದ್ದು, ಅದರಲ್ಲೇ ನನ್ನ ತಂಗಿ ಮದುವೆ ದಿಬ್ಬಣ ಹೋಗಿದ್ದು, ಅದರಲ್ಲೇ ಅಜ್ಜಿನ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದು. 15 ವರ್ಷ ಆದಮೇಲೆ ಐದೈದು ವರ್ಷಕ್ಕೆ ಆರ್‌ಟಿಒಗೆ ಒಯ್ದು ರಿನ್ಯೂವಲ್ ಮಾಡಿಸ್ಕೊಂಡು ಬಂದಿದೀನಿ. ಮುಂಬೈಲಿ 2023ರ ಅಕ್ಟೋಬರಲ್ಲಿ ಕೊನೇ ಪದ್ಮಿನಿ ಟ್ಯಾಕ್ಸಿ ರಸ್ತೆ ಬಿಡ್ತು ಅಂತ ಟಿವೀಲಿ ತೋರಿಸಿದಾಗ ಅಪ್ಪಯ್ಯ ಎದ್ದು ಕೊಟ್ಟಿಗೆ ಪಕ್ಕದ ಶೆಡ್ಡಿಗೆ ಹೋಗಿ ನಮ್ಮ ಗಾಡಿ ಮೇಲಿನ ಧೂಳು ಒರೆಸಿ ಬಂದ್ರು. ಏನೂ ಮಾತಾಡ್ಲಿಲ್ಲ.

ಸಮಸ್ಯೆ ಶುರುವಾಗಿದ್ದು ಮೇ ತಿಂಗಳಲ್ಲಿ. ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗತ್ತೆ, ಮನೆ ಮುಂದೆ ಅರ್ಧ ಗಂಟೆ ಬೇಕಾದ್ರೂ ಟುಕುಟುಕು ಅಂತ ಓಡ್ತಿರತ್ತೆ, ರೋಡಿಗೆ ಹೋಗಿ ಎಂಟು ಹತ್ತು ಕಿಲೋಮೀಟರ್ ಆಗ್ತಿದ್ದ ಹಾಗೆ ಎರಡು ಸಲ ಜಗ್ಗಿ, ಮೂರನೇ ಸಲಕ್ಕೆ ಆಫ್. ಆಮೇಲೆ ಎಷ್ಟು ಸೆಲ್ಫ್ ಹೊಡೆದ್ರೂ ಇಲ್ಲ. ಒಂದು ಇಪ್ಪತ್ತು ನಿಮಿಷ ಬಾನೆಟ್ ಎತ್ತಿಟ್ಟು, ಬೀಡಿ ಸೇದೋರು ಬೀಡಿ ಸೇದಿ, ಮೊಬೈಲ್ ನೋಡೋರು ಮೊಬೈಲ್ ನೋಡಿ, ಮತ್ತೆ ಹೊಡೆದ್ರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟು. ಮತ್ತೆ ಐದಾರು ಕಿಲೋಮೀಟರ್. ಮಂಡಗದ್ದೆ ಹತ್ರ ಒಂದ್ಸಲ ನಿಂತಾಗ ನನ್ನ ಹೆಂಡತಿ ನದಿ ಕಡೆ ಹಕ್ಕಿ ನೋಡೋಕೆ ಹೋದವಳು ವಾಪಸ್ ಬಂದು ನೀವು ಇಲ್ಲೇ ಇರಿ ನಾನು ಬಸ್ಸಿಗೆ ಹೋಗ್ತೀನಿ ಅಂದ್ಲು, ಹೋದ್ಲು ಕೂಡ.

ಎಲ್ಲರೂ ಒಂದೇ ಮಾತು, ವೇಪರ್ ಲಾಕ್. ಬಿಸಿಲಿಗೆ ಪೆಟ್ರೋಲು ಪೈಪಲ್ಲೇ ಕುದ್ದು ಆವಿಯಾಗತ್ತೆ, ಪಂಪಿಗೆ ಎಳೆಯೋಕೆ ಆಗಲ್ಲ, ಒದ್ದೆ ಬಟ್ಟೆ ಸುತ್ತು ಅಂತ. ಸುತ್ತಿದೆ. ಹೆಂಡತಿ ಹಳೇ ಕಾಟನ್ ಸೀರೆ ಅರ್ಧ ಹರಿದು ಎಸಿ ಪಂಪಿಗೆ, ಅಂದ್ರೆ ಟ್ಯಾಂಕಿಂದ ಪೆಟ್ರೋಲ್ ಎಳೆಯೋ ಪಂಪಿಗೆ, ಸುತ್ತಿ ಅದಕ್ಕೆ ಬಾಟಲಿ ನೀರು ಹೊಯ್ಕೊಂಡು ತಿರುಗಾಡಿದೀನಿ, ಕೆಲವು ಸಲ ಬೇಗ ಸ್ಟಾರ್ಟ್ ಆಗ್ತಿತ್ತು ಕೂಡ, ಹಾಗಾಗಿ ಅದೇ ಇರ್ಬೇಕು ಅಂತ ನಾನೂ ನಂಬಿದ್ದೆ.

ಆಮೇಲೆ ಗ್ಯಾರೇಜ್ ಯಾತ್ರೆ. ಯಾವ ಗ್ಯಾರೇಜ್ ಅಂತ ಇಲ್ಲಿ ಬರೆಯಲ್ಲ, ಅವರದ್ದೂ ಹೊಟ್ಟೆಪಾಡು. ಒಂದು ಕಡೆ ಗಾಳಿ ಪೆಟ್ರೋಲ್ ಬೆರೆಸೋ ಕಾರ್ಬೊರೇಟರ್ ಬಿಚ್ಚಿ ತೊಳೆದು ಹೊಸ ಕಿಟ್ ಹಾಕಿದ್ರು, 2,800. ಮೂರು ದಿನ ಚೆನ್ನಾಗಿತ್ತು ಅನ್ಸಿತ್ತು, ಯಾಕಂದ್ರೆ ಆ ಮೂರು ದಿನ ನಾನು ಪೇಟೆ ಬಿಟ್ಟು ದೂರ ಎಲ್ಲೂ ಹೋಗಿರಲಿಲ್ಲ. ಇನ್ನೊಂದು ಕಡೆ ಕರೆಂಟ್ ಪ್ರಾಬ್ಲಮ್ಮು ಅಂತ ಕಾಯಿಲ್, ಕಂಡೆನ್ಸರ್, ಪಾಯಿಂಟ್ ಸೆಟ್, ಪ್ಲಗ್ಗು, ಡೆಲ್ಕೋ ಕ್ಯಾಪು (ಪ್ಲಗ್ಗಿಗೆ ಕರೆಂಟ್ ಹಂಚೋದರ ಮುಚ್ಚಳ), ಅಂದ್ರೆ ಕಿಡಿ ಹುಟ್ಟಿಸೋ ಸಾಮಾನೆಲ್ಲಾ ಒಟ್ಟಿಗೆ ಬದಲಾಯಿಸಿದ್ರು, 4,600. ಮೂರನೇ ಕಡೆ ಹೊಸ ಎಸಿ ಪಂಪು 3,200, ಟ್ಯಾಂಕ್ ಇಳಿಸಿ ತೊಳೆದು ಲೈನಿಗೆ ಏರ್ ಹೊಡೆದಿದ್ದು 2,500. ಒಟ್ಟು 13,100 ರೂಪಾಯಿ ಕೊಟ್ಟು ಗಾಡಿ ಎಂಟು ಕಿಲೋಮೀಟರಿಂದ ಎಂಟೂವರೆ ಕಿಲೋಮೀಟರಿಗೆ ಬಂತು.

ನನಗೆ ಸಿಟ್ಟು ದುಡ್ಡಿಗಲ್ಲ. ಮೂರೂ ಕಡೆ ನಾನು ಹೇಳಿದ್ದು ಒಂದೇ, ಸ್ವಾಮಿ ಇದು ನಿಂತಲ್ಲಿ ಆಫ್ ಆಗಲ್ಲ, ಓಡಿಸಿ ನೋಡಿ ಅಂತ. ಯಾರೂ ಓಡಿಸಲಿಲ್ಲ. ಗ್ಯಾರೇಜಲ್ಲಿ ಸ್ಟಾರ್ಟ್ ಮಾಡಿ ಎರಡು ಸಲ ರೇಸ್ ಕೊಟ್ಟು ನೋಡಿ ಸಾರ್ ಎಷ್ಟು ಚೆನ್ನಾಗಿದೆ ಅಂದ್ರು. ಚೆನ್ನಾಗೇ ಇರತ್ತೆ ಮಾರಾಯ, ಚೆನ್ನಾಗಿರುವಾಗ ನೋಡಿದ್ರೆ!

ಈ ಮೇಸ್ತ್ರಿ ವಿಷಯ ಹೇಳಿದ್ದು ಶಿವಮೊಗ್ಗದಲ್ಲಿ ನಮ್ಮ ಅಡಿಕೆ ಮಂಡಿ ಪರಿಚಯದೋರು, ಅವರ ಹತ್ರನೂ ಒಂದು ಹಳೇ ಅಂಬಾಸಿಡರ್ ಇದೆ. ಸಾಗರ ರೋಡಲ್ಲಿ ಆಟೋ ಕಾಂಪ್ಲೆಕ್ಸ್ ಒಳಗೆ ಹೋಗಿ ಹಳೇ ಫಿಯಟ್ ಮೇಸ್ತ್ರಿ ಎಲ್ಲಿ ಅಂತ ಯಾರನ್ನ ಕೇಳಿದ್ರೂ ಕೈ ತೋರಿಸ್ತಾರೆ. ಬೋರ್ಡ್ ಇಲ್ಲ. ಇದ್ದ ಬೋರ್ಡನ್ನೇ ಕೆಳಗೆ ಹಾಸಿಕೊಂಡು ಗಾಡಿ ಅಡಿ ಮಲಗ್ತಾರೆ. ಅರವತ್ತೈದು ದಾಟಿರಬಹುದು, ಕನ್ನಡಕಕ್ಕೆ ದಾರ ಕಟ್ಕೊಂಡಿದಾರೆ, ಜೊತೆಗೆ ಒಬ್ಬ ಹುಡುಗ. ಹೆಸರು ಕೇಳಿದ್ರೆ ಮೇಸ್ತ್ರಿ ಅನ್ನಿ ಸಾಕು ಅಂತಾರೆ, ಹಾಗಾಗಿ ನಾನೂ ಇಲ್ಲಿ ಮೇಸ್ತ್ರಿ ಅಂತಾನೇ ಬರೀತೀನಿ.

ಶ್ರಾವಣದಲ್ಲಿ, ಒಂದು ಸೋಮವಾರ ಬೆಳಿಗ್ಗೆ, ಮಧ್ಯೆ ನಾಲ್ಕು ಸಲ ನಿಲ್ಲಿಸಿಕೊಂಡು ಹೇಗೋ ಅಲ್ಲಿ ತನಕ ತಗೊಂಡು ಹೋದೆ. ಬಾನೆಟ್ ಎತ್ತೋಕೆ ಹೋದೆ, ಬೇಡ ಅಂದ್ರು. ಮೊದಲು ಕೂತ್ಕೊಳಿ ಗೌಡ್ರೇ ಅಂತ ನಾಯಿನ ಎಬ್ಬಿಸಿ ಕೂರಿಸಿ ಕಾಲು ಗಂಟೆ ಪ್ರಶ್ನೆ. ನಮ್ಮೂರ ಹಳೇ ಪಂಡಿತ್ರು ನಾಡಿ ಹಿಡಿಯೋ ಮುಂಚೆ ಕೇಳ್ತಿದ್ರಲ್ಲ, ಹಾಗೆ.

ಆಫ್ ಆಗುವಾಗ ಜಗ್ಗತ್ತಾ, ಇಲ್ಲ ಲೈಟಿನ ಸ್ವಿಚ್ ತೆಗೆದ ಹಾಗೆ ಟಕ್ ಅಂತ ಹೋಗತ್ತಾ? ಜಗ್ಗತ್ತೆ ಅಂದೆ. ಏರಲ್ಲಾ, ಇಳಿಜಾರಲ್ಲಾ? ಜಾಸ್ತಿ ಏರಲ್ಲೇ. ಸೈಡಿಗೆ ಬರೋವಾಗ ಆಕ್ಸಿಲರೇಟರ್ ಬಿಟ್ರೆ ಸ್ವಲ್ಪ ಹೊತ್ತು ಉಸಿರಾಡತ್ತಾ? ಹೌದು, ಬಿಟ್ರೆ ಉಳ್ಕೊಳತ್ತೆ, ಒತ್ತಿದ್ರೆ ಸಾಯತ್ತೆ. ಆರಿದ್ರಾ ಮಳೆ ಹೊಡೀತಿರೋವಾಗಲೂ ನಿಂತಿದ್ಯಾ? ನಿಂತಿದೆ. ಹಾಗಾದ್ರೆ ಬಿಸಿಲು ಬಿಡಿ ಅಂದ್ರು. ನಾನು ಮೂರು ತಿಂಗಳು ಸೀರೆ ಸುತ್ತಿದ್ದು ಈ ಒಂದು ಪ್ರಶ್ನೆಗೆ ಬಿದ್ದೋಯ್ತು. ವೇಪರ್ ಲಾಕ್ ಅನ್ನೋದು ಸುಳ್ಳಲ್ಲ, ಎಥೆನಾಲ್ ಸೇರಿದ ಪೆಟ್ರೋಲಿಗೆ ಅದು ಇನ್ನೂ ಸುಲಭ, ಆದ್ರೆ ಧೋ ಅಂತ ಸುರಿಯೋ ಮಳೇಲೂ ಅದೇ ಎಂಟು ಕಿಲೋಮೀಟರಿಗೆ ನಿಲ್ತದೆ ಅಂದ್ರೆ ಬೇರೆ ಏನೋ ಇದೆ ಅಂತ ನನಗಾದ್ರೂ ಹೊಳೀಬೇಕಿತ್ತು.

ಕೊನೇ ಪ್ರಶ್ನೆ, ಯಾವ್ಯಾವ ಸಾಮಾನು ಹೊಸದು? ನಾನು ಹೆಮ್ಮೆಯಿಂದ ಲಿಸ್ಟ್ ಹೇಳಿದೆ. ಅವರು ಹಣೆ ಉಜ್ಜಿಕೊಂಡು, ಅಂದ್ರೆ ಈಗ ಎಲ್ಲದರ ಮೇಲೂ ಅನುಮಾನ ಪಡ್ಬೇಕು ಅಂದ್ರು. ಹಳೇ ಸಾಮಾನಿಗೆ ಮೂವತ್ತು ವರ್ಷ ಓಡಿದ ಸಾಕ್ಷಿ ಇರತ್ತೆ, ಹೊಸದಕ್ಕೆ ಏನಿದೆ, ಬಿಲ್ ಬಿಟ್ರೆ? ಹೊಸ ಕಂಡೆನ್ಸರ್ ಹಾಕಿ ಮನೆ ಸೇರೋದ್ರೊಳಗೆ ಬಿಸಿಗೆ ಸತ್ತಿದ್ದು ಅವರು ಬೇಕಾದಷ್ಟು ನೋಡಿದಾರಂತೆ, ಅದು ಹೋದ್ರೆ ಪಾಯಿಂಟ್ ಸುಟ್ಟು ಕಿಡಿ ಹಳದಿಯಾಗಿ ಸಣ್ಣಗಾಗತ್ತೆ, ಗಾಡಿ ಇದೇ ಥರ ಓಡಿ ಓಡಿ ನಿಲ್ಲತ್ತೆ.

ಬಾನೆಟ್ ಇನ್ನೂ ಎತ್ತಿಲ್ಲ ನೋಡಿ. ಒಂದು ಚೀಲಕ್ಕೆ ಸ್ಕ್ರೂ ಡ್ರೈವರು, ಎರಡು ಸ್ಪ್ಯಾನರು, ಖಾಲಿ ನೀರಿನ ಬಾಟಲಿ, ಒಂದು ಪುಟ್ಟ ಪ್ಲಾಸ್ಟಿಕ್ ಕ್ಯಾನು, ಕರೆಂಟ್ ನೋಡೋ ಒಂದು ಮೀಟರ್, ಎರಡು ಮೊಳ ರಬ್ಬರ್ ಪೈಪು ಹಾಕ್ಕೊಂಡ್ರು, ಹುಡುಗನ ಕೈಗೆ ಬೆಂಕಿ ಆರಿಸೋ ಸಿಲಿಂಡರ್ ಕೊಟ್ರು, ನಡೀರಿ ಗೌಡ್ರೇ ಸಾಗರ ರೋಡಲ್ಲಿ ಹೋಗಣ, ನಿಲ್ಲೋ ತನಕ ಹೋಗಣ ಅಂದ್ರು. ನನಗೆ ಅಲ್ಲೇ ಅರ್ಧ ರೋಗ ವಾಸಿಯಾಯ್ತು.

ಗಾಡಿಕೊಪ್ಪ ದಾಟಿ, ಮುದ್ದಿನಕೊಪ್ಪ ಹತ್ರ ಬರ್ತಿದ್ದ ಹಾಗೆ ಜಗ್ಗೋಕೆ ಶುರು. ನಾನು ಅಭ್ಯಾಸಬಲದಿಂದ ಆಕ್ಸಿಲರೇಟರ್ ಬಿಡೋಕೆ ಹೋದೆ. ಬಿಡಬೇಡಿ, ಒತ್ತಿ, ಸಾಯಲಿ ಅಂದ್ರು. ತ್ಯಾವರೆಕೊಪ್ಪ ಸಫಾರಿ ಗೇಟಿಗೆ ಇನ್ನೂ ಸ್ವಲ್ಪ ಇದೆ ಅನ್ನೋವಾಗ ಸತ್ತಿತು. ಹಿಂದಿನ ಸೀಟಿಂದ ಹುಡುಗ, ಹುಲಿ ಸಿಂಹ ಬೋನಲ್ಲಿದಾವೆ ಬಿಡಿ ಸಾರ್, ನಿಧಾನಕ್ಕೆ ಇಳೀರಿ ಅಂದ.

ಇಲ್ಲಿಂದ ಹತ್ತು ನಿಮಿಷ ನಡೆದಿದ್ದನ್ನ ಸ್ವಲ್ಪ ವಿವರವಾಗಿ ಬರೀತೀನಿ, ಯಾಕಂದ್ರೆ ಇದಕ್ಕೇ ನಾನು ಈ ರಿವ್ಯೂ ಬರೀತಿರೋದು, ನಿಮ್ಮ ಗಾಡಿ ಅಂಬಾಸಿಡರ್ ಆಗಿರಲಿ ಹಳೇ ಜೀಪಾಗಿರಲಿ, ಕಾರ್ಬೊರೇಟರ್ ಪೆಟ್ರೋಲ್ ಗಾಡಿ ಆದ್ರೆ ಇದೇ ಲೆಕ್ಕ.

ಗಾಡಿ ನಿಂತ ಕೂಡಲೇ ಅವರು ಮಾಡಿದ್ದು ಡೆಲ್ಕೋ ಕ್ಯಾಪಿನ ನಡುವಿಗೆ ಕಾಯಿಲಿಂದ ಬರೋ ದಪ್ಪ ವೈರ್ ಕಿತ್ತು, ಅದರ ತುದಿನ ಇಂಜಿನ್ ಬ್ಲಾಕಿಂದ ಕಾಲು ಇಂಚು ದೂರಕ್ಕೆ ಒಣ ಬಟ್ಟೆಲಿ ಹಿಡ್ಕೊಂಡು ನನಗೆ ಸೆಲ್ಫ್ ಹೊಡೀರಿ ಅಂದಿದ್ದು. ಟಿಕ್ ಟಿಕ್ ಟಿಕ್ ಅಂತ ನೀಲಿ ಕಿಡಿ, ಹಗಲು ಹೊತ್ತಲ್ಲೂ ಕಾಣೋ ಅಷ್ಟು. ಕರೆಂಟ್ ಸರಿ ಇದೆ ಅಂದ್ರು. ಇಷ್ಟೇ, ಮೂವತ್ತು ಸೆಕೆಂಡು. ನಾನು 4,600 ಕೊಟ್ಟಿದ್ದ ಪ್ರಶ್ನೆಗೆ ಉತ್ತರ ಮೂವತ್ತು ಸೆಕೆಂಡಲ್ಲಿ ಸಿಕ್ತು. ಆದ್ರೆ ಒಂದು ವಿಷಯ, ಇದನ್ನ ನಿಂತ ತಕ್ಷಣ ನೋಡ್ಬೇಕು. ಹೀಟಿಗೆ ಹೋಗೋ ಕಾಯಿಲ್ಲು ಕಂಡೆನ್ಸರ್ರು ತಣ್ಣಗಾದ್ರೆ ಮತ್ತೆ ಸರಿಯಾಗೇ ಕೆಲಸ ಮಾಡತ್ತೆ, ಹಾಗಾಗಿ ಟೀ ಕುಡ್ಕೊಂಡು ಬಂದು ನೋಡಿದ್ರೆ ಯಾವ ಸಾಕ್ಷಿನೂ ಇರಲ್ಲ.

ಆಮೇಲೆ ಏರ್ ಫಿಲ್ಟರ್ ಮುಚ್ಚಳ ತೆಗೆದು ಕಾರ್ಬೊರೇಟರ್ ಬಾಯೊಳಗೆ ಬಗ್ಗಿ ನೋಡ್ತಾ ಕೈಯಲ್ಲೇ ಆಕ್ಸಿಲರೇಟರ್ ರಾಡ್ ಎಳೆದ್ರು. ಸರಿ ಇರೋ ಗಾಡೀಲಿ ಹಾಗೆ ಎಳೆದಾಗೆಲ್ಲ ಒಂದು ಸಣ್ಣ ಪಿಚಕಾರಿ ಥರ ಪೆಟ್ರೋಲ್ ಚಿಮ್ಮಬೇಕಂತೆ, ಆಕ್ಸಿಲರೇಟರ್ ಪಂಪಿನ ಕೆಲಸ ಅದು. ಬನ್ನಿ ನೋಡಿ ಅಂತ ನನ್ನನ್ನೂ ಕರೆದ್ರು. ನೋಡಿದೆ. ಒಣ ಒಣ. ಒಂದು ಹನಿ ಇಲ್ಲ. ಕಾರ್ಬೊರೇಟರಲ್ಲಿ ಪೆಟ್ರೋಲ್ ತುಂಬಿ ನಿಲ್ಲೋ ಫ್ಲೋಟ್ ಚೇಂಬರ್ ಖಾಲಿ ಅಂದ್ರೆ ಅದು. ಇಂಜಿನ್ ಸುಮ್ನೆ ನಿಂತು ಓಡೋವಾಗ ಕುಡಿಯೋ ಪೆಟ್ರೋಲ್ ಬಹಳ ಕಡಿಮೆ, ಅಷ್ಟು ಹೇಗೋ ಬರ್ತಿದೆ, ಏರಲ್ಲಿ ಎಳೆಯೋವಾಗ ಬರೋದಕ್ಕಿಂತ ಖರ್ಚು ಜಾಸ್ತಿ, ಚೇಂಬರಿನ ದಾಸ್ತಾನು ಸ್ವಲ್ಪ ಸ್ವಲ್ಪ ಇಳಿದು ಖಾಲಿಯಾದಾಗ ಜಗ್ಗಿ ಜಗ್ಗಿ ನಿಲ್ತಿದೆ. ಬೇಸಿಗೇಲಿ ನಮ್ಮ ಮನೆ ಟ್ಯಾಂಕಿ ಹಾಗೆ, ಬರೋ ನೀರು ಬೆರಳು ಗಾತ್ರ, ತೋಟಕ್ಕೆ ಬಿಡೋದು ಕೈ ಗಾತ್ರ.

ಸರಿ, ಯಾಕೆ ಬರ್ತಿಲ್ಲ? ಹುಡುಗನಿಗೆ ಟ್ಯಾಂಕ್ ಮುಚ್ಚಳ ತೆಗೆಯೋಕೆ ಹೇಳಿ, ಕಿವಿ ಕೊಟ್ಟು ಕೇಳು ಅಂದ್ರು. ಮುಚ್ಚಳದ ಗಾಳಿ ತೂತು ಮುಚ್ಚಿದ್ರೆ ಟ್ಯಾಂಕಿಗೆ ಗಾಳಿ ಹೋಗಲ್ಲ, ಪೆಟ್ರೋಲ್ ಖಾಲಿ ಆದ ಹಾಗೆ ಒಳಗೆ ಎಳೆತ ಜಾಸ್ತಿಯಾಗಿ ಕೊನೆಗೆ ಪಂಪ್ ಸೋಲತ್ತೆ, ತೆಗೆದಾಗ ಉಸ್ಸ್ ಅಂತ ಶಬ್ದ ಬರತ್ತೆ. ಹುಡುಗ ತಲೆ ಅಲ್ಲಾಡಿಸಿದ, ಉಸ್ಸೂ ಇಲ್ಲ ಬುಸ್ಸೂ ಇಲ್ಲ. ಇದು ನೀವೂ ಮಾಡಿ ನೋಡಬಹುದಾದ ಸುಲಭದ ಪರೀಕ್ಷೆ, ಬಂಕಲ್ಲಿ ಮುಚ್ಚಳ ಕಳ್ಕೊಂಡು ಬೇರೆ ಯಾವುದೋ ಗಾಡಿ ಮುಚ್ಚಳ ಹಾಕ್ಕೊಂಡಿರೋರು ಮೊದಲು ಇದನ್ನೇ ನೋಡಿ.

ಮುಂದಿಂದು ಪಂಪು. ಪಂಪಿಂದ ಕಾರ್ಬೊರೇಟರಿಗೆ ಹೋಗೋ ಪೈಪ್ ಬಿಚ್ಚಿ ನೀರಿನ ಬಾಟಲಿಯೊಳಗೆ ಇಟ್ಟು ಸೆಲ್ಫ್ ಹೊಡೆಸಿದ್ರು. ಬಂತು, ನೊರೆ ನೊರೆಯಾಗಿ, ಎಮ್ಮೆ ಹಾಲು ಬತ್ತೋ ಕಾಲಕ್ಕೆ ಬರತ್ತಲ್ಲ ಹಾಗೆ, ಚರ್ರ್ ಅಂತ ಒಂದು ಎಳೆ. ಇಲ್ಲಿ ಬೇರೆಯೋರಾದ್ರೆ ಪಂಪ್ ಹೋಗಿದೆ ಅಂತಿದ್ರು, ನಾನಂತೂ ಬೈಕೊಂಡೆ, ಹೊಸ ಪಂಪು, ಮೂರು ವಾರ ಆಗಿಲ್ಲ. ಮೇಸ್ತ್ರಿ ಮಾತ್ರ, ಪಂಪನ್ನ ಬಯ್ಯೋಕೆ ಮುಂಚೆ ಅದಕ್ಕೆ ಊಟ ಬಡಿಸಿ ನೋಡ್ಬೇಕಲ್ಲ ಅಂತ ಕ್ಯಾನಿಗೆ ಒಂದು ಲೀಟರ್ ಪೆಟ್ರೋಲ್ ಹಾಕಿ, ಪಂಪಿಗೆ ಟ್ಯಾಂಕ್ ಕಡೆಯಿಂದ ಬರೋ ಪೈಪ್ ಕಳಚಿ, ಆ ಜಾಗಕ್ಕೆ ತಮ್ಮ ಪೈಪ್ ಹಾಕಿ ಕ್ಯಾನಲ್ಲಿ ಅದ್ದಿದ್ರು. ಸೆಲ್ಫ್ ಹೊಡೆದ್ರೆ ಬಾಟಲಿಗೆ ಪಚಕ್ ಪಚಕ್ ಅಂತ ಗಟ್ಟಿಯಾಗಿ ಹೊಡೀತು ಪಂಪು. ಪಂಪ್ ಗೆದ್ದಿತು. ಆಮೇಲೆ ಆ ಕ್ಯಾನನ್ನ ಸೈಲೆನ್ಸರ್ ಕಡೆಯಿಂದ ದೂರಕ್ಕೆ ಬಿಗಿಯಾಗಿ ಕಟ್ಟಿ, ಕಾರ್ಬೊರೇಟರಿಗೆ ಹೋಗೋ ಪೈಪ್ ಮಾತ್ರ ಮೊದಲಿನ ಹಾಗೆ ಸೇರಿಸಿ, ಸ್ಟಾರ್ಟ್ ಮಾಡಿ ಆಯನೂರು ಕಡೆ ಅವರೇ ಓಡಿಸಿಕೊಂಡು ಹೋದ್ರು, ಏರಲ್ಲಿ ಬೇಕಂತಾನೇ ಟಾಪ್ ಗೇರಲ್ಲಿ ಎಳೆಸಿದ್ರು. ಒಂದ್ಸಲ ಜಗ್ಗಲಿಲ್ಲ. ಇದನ್ನ ದಯವಿಟ್ಟು ನೀವು ಮನೇಲಿ ಮಾಡೋಕೆ ಹೋಗಬೇಡಿ, ಬಿಸಿ ಇಂಜಿನ್ ಪಕ್ಕದಲ್ಲಿ ಪೆಟ್ರೋಲ್ ಕ್ಯಾನ್ ಅಂದ್ರೆ ಆಟ ಅಲ್ಲ. ಹಿಂದೆ ಹುಡುಗ ಸಿಲಿಂಡರ್ ತಬ್ಕೊಂಡು ಕೂತಿದ್ದ, ನಾನು ಪೂರ್ತಿ ದಾರಿ ದೇವರ ನೆನೆಸಿಕೊಂಡೇ ಕೂತಿದ್ದೆ.

ಅಲ್ಲಿಗೆ ಇಂಜಿನ್ ಸರಿ, ಕಿಡಿ ಸರಿ, ಕಾರ್ಬೊರೇಟರ್ ಸರಿ, ಪಂಪ್ ಸರಿ. ಉಳಿದಿದ್ದು ಟ್ಯಾಂಕಿಂದ ಪಂಪಿನ ತನಕದ ದಾರಿ. ನಾನು ಹೇಳಿದೆ, ಮೇಸ್ತ್ರೀ, ಹಿಂದಿನ ಗ್ಯಾರೇಜೋರು ಆ ಲೈನಿಗೆ ಏರ್ ಹೊಡೆದು ಕ್ಲೀನ್ ಮಾಡಿದಾರೆ, ನಾನೇ ನಿಂತು ನೋಡಿದೀನಿ, ಟ್ಯಾಂಕಲ್ಲಿ ಗುಳುಗುಳು ಅಂತು. ಅವರು ನಕ್ಕರು. ಏರ್ ಯಾವ ಕಡೆಯಿಂದ ಹೊಡೆದ್ರು? ಪಂಪಿನ ಕಡೆಯಿಂದ ಟ್ಯಾಂಕಿಗೆ. ಪೆಟ್ರೋಲ್ ಯಾವ ಕಡೆಯಿಂದ ಬರತ್ತೆ? ನಾನು ಸುಮ್ಮನಾದೆ.

ಗ್ಯಾರೇಜಿಗೆ ವಾಪಸ್ ಬಂದು ಪಂಪಿನ ಹತ್ರ ಇದ್ದ ಮುಕ್ಕಾಲು ಅಡಿ ರಬ್ಬರ್ ಪೈಪ್ ಬಿಚ್ಚಿದ್ರು. ಮೇಲೆ ನೋಡೋಕೆ ಹೊಚ್ಚ ಹೊಸದು, ಕರ್ರಗೆ ಮಿರಿಮಿರಿ, ಒಂದು ಬಿರುಕಿಲ್ಲ. ಮೂರು ವರ್ಷದ ಹಿಂದೆ ಎಲ್ಲೋ ಹಾಕಿಸಿದ್ದು, ಹಾಗಾಗಿ ಅದನ್ನ ಯಾರೂ ಮುಟ್ಟಿರಲಿಲ್ಲ, ಹೊಸ ಪೈಪಲ್ವಾ. ಇನ್ನೂ ಬೆಚ್ಚಗಿತ್ತು. ಊದಿ ಗೌಡ್ರೇ ಅಂದ್ರು, ಊದಿದೆ, ಸರಾಗ. ಈಗ ಎಳೀರಿ ಅಂದ್ರು. ಎಳೆದೆ. ಒಳಗೆ ಏನೋ ಪಟ್ ಅಂತ ಬಂದು ಮುಚ್ಚಿಕೊಳ್ತು, ಸ್ಟ್ರಾದಲ್ಲಿ ಎಳನೀರು ಕುಡಿಯೋವಾಗ ಗಂಜಿ ಸಿಕ್ಕಿಹಾಕ್ಕೊಳತ್ತಲ್ಲ, ಥೇಟ್ ಹಾಗೆ. ಬಿಟ್ಟೆ, ತೆರೀತು. ಮತ್ತೆ ಎಳೆದೆ, ಮತ್ತೆ ಪಟ್. ಅವತ್ತು ಮಧ್ಯಾಹ್ನ ಮಂಡಕ್ಕಿ ಮಿರ್ಚಿ ತಿಂದ್ರೂ ಪೆಟ್ರೋಲ್ ರುಚಿನೇ ಬಾಯಲ್ಲಿ, ಅದನ್ನೂ ನೀವು ಮಾಡಬೇಡಿ.

ಬ್ಲೇಡಲ್ಲಿ ಪೈಪನ್ನ ಉದ್ದಕ್ಕೆ ಸೀಳಿ ತೋರಿಸಿದ್ರು. ಒಳಗಿನ ಪದರ ಉಬ್ಬಿ ಮೆತ್ತಗಾಗಿ, ಒಂದು ಕಡೆ ಬಿಟ್ಕೊಂಡು ನಾಲಿಗೆ ಥರ ನೇತಾಡ್ತಿದೆ. ನೆನೆದ ಅಡಿಕೆ ಹಾಳೆ ಒಳಮೈಯ ತೆಳು ಪೊರೆ ಸುಲಿದು ಬರತ್ತಲ್ಲ, ಉಗುರಲ್ಲಿ ಎತ್ತಿದ್ರೆ ಹಾಗೇ ಬಂತು. ಊದಿದ್ರೆ ಆ ನಾಲಿಗೆ ಗೋಡೆಗೆ ಅಂಟಿಕೊಂಡು ದಾರಿ ಬಿಡತ್ತೆ, ಪಂಪ್ ಎಳೆದ್ರೆ ಎದ್ದು ಬಂದು ದಾರಿ ಮುಚ್ಚತ್ತೆ. ತಣ್ಣಗಿರುವಾಗ ರಬ್ಬರ್ ಸ್ವಲ್ಪ ಬಿಗಿ ಇರತ್ತೆ, ಇಂಜಿನ್ ಶಾಖಕ್ಕೆ ಮೆತ್ತಗಾದ್ಮೇಲೆ ಅದರ ಆಟ ಶುರು, ಅದಕ್ಕೇ ಎಂಟು ಕಿಲೋಮೀಟರು, ಅದಕ್ಕೇ ಇಪ್ಪತ್ತು ನಿಮಿಷ ರೆಸ್ಟ್ ಕೊಟ್ರೆ ಮತ್ತೆ ಸರಿ. ನನ್ನ ಒದ್ದೆ ಸೀರೆ ಕೆಲವು ಸಲ ಕೆಲಸ ಮಾಡ್ತಿದ್ದಿದ್ದೂ ಅದಕ್ಕೇ, ಪಂಪ್ ತಣ್ಣಗಾಗಿ ಅಲ್ಲ, ಪಕ್ಕದ ಪೈಪ್ ತಣ್ಣಗಾಗಿ.

ಯಾಕೆ ಹೀಗಾಯ್ತು ಅಂದ್ರೆ ಈಗ ಬಂಕಲ್ಲಿ ಸಿಗೋ ಪೆಟ್ರೋಲಲ್ಲಿ 20 ಪರ್ಸೆಂಟ್ ಎಥೆನಾಲ್ ಬೆರೆಸಿರತ್ತೆ, ಹಳೇ ಕಾಲದ ಸಾಧಾರಣ ರಬ್ಬರು ಅದಕ್ಕೆ ತಡೆಯಲ್ಲ, ಉಬ್ಬತ್ತೆ, ಪದರ ಬಿಡತ್ತೆ, ಇಲ್ಲ ಗಟ್ಟಿಯಾಗಿ ಒಡೆಯತ್ತೆ. ಎಸಿ ಪಂಪಿನ ಒಳಗಿನ ಡಯಾಫ್ರಮ್ಮು ಅನ್ನೋ ರಬ್ಬರ್ ಪೊರೆನೂ ಇದೇ ಲೆಕ್ಕ. ಮೇಸ್ತ್ರಿ ಹಾಕಿದ್ದು ಹೊಸ ಇಂಜೆಕ್ಷನ್ ಗಾಡಿಗೆ ಬರೋ ಪೈಪು, ಅದರ ಮೈ ಮೇಲೆ ಎಸ್‌ಎಇ 30ಆರ್9 ಅಂತ ಅಚ್ಚಾಗಿರತ್ತೆ, ತಗೊಳೋವಾಗ ಅದನ್ನ ನೋಡಿ ತಗೊಳಿ, ಮೀಟರ್ ಲೆಕ್ಕದಲ್ಲಿ ಅಗ್ಗಕ್ಕೆ ಕತ್ತರಿಸಿ ಕೊಡೋ ಕರೀ ಪೈಪ್ ಬೇಡ. ಹಿಂದೆ ಟ್ಯಾಂಕ್ ಹತ್ರ ಇರೋ ಇನ್ನೊಂದು ತುಂಡನ್ನೂ ಬದಲಾಯಿಸಿದ್ರು, ಅದನ್ನೂ ಸೀಳಿ ನೋಡಿದ್ವಿ, ಅದು ಇನ್ನೂ ನಾಲಿಗೆ ಬಿಟ್ಟಿರಲಿಲ್ಲ ಆದ್ರೆ ಉಬ್ಬೋಕೆ ಶುರುವಾಗಿತ್ತು. ಇನ್ನೊಂದು ಮಾತು ಹೇಳಿದ್ರು, ಎಥೆನಾಲ್ ನೀರು ಹೀರತ್ತೆ, ನಮ್ಮ ಕಡೆ ಮಳೆಗಾಲದಲ್ಲಿ ಗಾಡಿ ತಿಂಗಳುಗಟ್ಟಲೆ ನಿಲ್ಲಿಸೋರು ಟ್ಯಾಂಕ್ ಅರ್ಧ ಖಾಲಿ ಬಿಡಬೇಡಿ, ತುಂಬಿಸಿಟ್ರೆ ಒಳಗೆ ಥಂಡಿ ಗಾಳಿಗೆ ಜಾಗ ಕಡಿಮೆ, ತುಕ್ಕೂ ಕಡಿಮೆ. ವಾರಕ್ಕೊಂದ್ಸಲ ಸುಮ್ನೆ ಸ್ಟಾರ್ಟ್ ಮಾಡಿ ಆಫ್ ಮಾಡೋ ಬದಲು ಹತ್ತು ಕಿಲೋಮೀಟರ್ ಓಡಿಸಿ ಅಂದ್ರು.

ಬಿಲ್ಲು: ಪೈಪು ಕ್ಲಿಪ್ಪು ಸೇರಿ 480, ಮಜೂರಿ ಸಾವಿರ. 1,480 ಕೊಟ್ಟೆ, ಕೊಡೋವಾಗ ಕಮ್ಮಿ ಆಯ್ತು ಅನ್ಸಿ ಇನ್ನೂರು ಜಾಸ್ತಿ ಇಟ್ರೆ ಹುಡುಗನಿಗೆ ಕೊಡಿ ಅಂದ್ರು. ಡಿಕ್ಕೀಲಿ ಬಿದ್ದಿದ್ದ ನನ್ನ ಹಳೇ ಕಾಯಿಲ್ ತೆಗೆದು ಮೀಟರ್ ಇಟ್ಟು ನೋಡಿದ್ರು, ಪ್ರೈಮರಿ ಕಡೆ ಮೂರು ಓಮಿನ ಹತ್ರ ಬಂತು, ಸ್ವಲ್ಪ ಹೊತ್ತು ಬಿಸಿಲಲ್ಲಿಟ್ಟು ಮತ್ತೆ ನೋಡಿದ್ರು, ಅಷ್ಟೇ ಬಂತು. ಇದು ಸತ್ತಿಲ್ಲ ಮಾರಾಯ್ರೆ, ಸ್ಪೇರ್ ಅಂತ ಇಟ್ಕೊಳಿ ಅಂತ ಒಂದು ಬಟ್ಟೆಲಿ ಸುತ್ತಿ ಕೊಟ್ರು. ಅದನ್ನ ಯಾಕೆ ತೆಗೆದ್ರು ಅಂತ ಅವರು ಕೇಳಲಿಲ್ಲ, ನನಗೂ ಹೇಳೋಕೆ ಮುಖ ಇರಲಿಲ್ಲ.

ಈಗ ಬೈಯೋ ವಿಷಯ, ಇಲ್ಲ ಅಂದ್ರೆ ನಾನು ಅವರ ಭಾವಮೈದ ಅನ್ಕೋತೀರಿ. ಫೋನ್ ಎತ್ತಲ್ಲ. ಎತ್ತಿದ್ರೆ ಹುಡುಗ ಎತ್ತಿ ಮೇಸ್ತ್ರಿ ಗಾಡಿ ಅಡಿ ಇದಾರೆ ಅಂತಾನೆ, ಯಾವಾಗ ಮೇಲೆ ಬರ್ತಾರೆ ಅನ್ನೋದು ಅವನಿಗೂ ಗೊತ್ತಿಲ್ಲ. ಜಿಎಸ್‌ಟಿ ಬಿಲ್ ಕೇಳಿದ್ರೆ ಸಿಗರೇಟ್ ಪ್ಯಾಕಿನ ಹಿಂಭಾಗದಲ್ಲಿ ಬರೆದು ಕೊಡ್ತಾರೆ. ಒಂದು ಗಾಡಿ ಹಿಡಿದ್ರೆ ಅದು ಮುಗಿಯೋ ತನಕ ಇನ್ನೊಂದು ಮುಟ್ಟಲ್ಲ, ನಾನು ಹೋದ ದಿನ ಸಾಗರದಿಂದ ಬಂದಿದ್ದ ಒಬ್ರು ಬೆಳಿಗ್ಗೆಯಿಂದ ಮೂರು ಗಂಟೆ ತನಕ ಕಾದು ಬೈಕೊಂಡು ಹೋದ್ರು, ಅವರದ್ದು ಬರೀ ಹಾರ್ನ್ ರಿಪೇರಿ. ನಿಮಗೆ ಅರ್ಜೆಂಟ್ ಇದ್ರೆ ಇಲ್ಲಿಗೆ ಬರಬೇಡಿ. ಹೆಂಗಸರನ್ನ ಮಕ್ಕಳನ್ನ ಕರ್ಕೊಂಡು ಹೋಗೋ ಜಾಗ ಅಂತೂ ಅಲ್ಲ, ಟಾಯ್ಲೆಟ್ ಇಲ್ಲ, ಎದುರಿಗೆ ಒಂದು ಟೀ ಅಂಗಡಿ ಇದೆ ಅಷ್ಟೇ, ಟೀ ಸುಮಾರು. ಮತ್ತೆ ಬೈತಾರೆ. ಟೈರ್ ಹವಾ ಕಡಿಮೆ ಇಟ್ಕೊಂಡು ಬಂದಿದ್ದಕ್ಕೆ ನನಗೆ ಹೈಸ್ಕೂಲ್ ಮೇಷ್ಟ್ರು ಬೈದ ಹಾಗೆ ಬೈದ್ರು, ನನಗೀಗ ಐವತ್ತಮೂರು.

ಹೊಸ ಕಾಲದ ಇಂಜೆಕ್ಷನ್ ಗಾಡಿ, ಸ್ಕ್ಯಾನರ್ ಬೇಕಾಗೋ ಗಾಡಿ ಇದ್ರೆ ಅವರೇ ಬೇಡ ಅಂತಾರೆ, ಅದು ನನ್ನ ವಿದ್ಯೆ ಅಲ್ಲ ಅಂತ. ಡೀಸೆಲ್ ಅಂಬಾಸಿಡರ್ ನೋಡ್ತಾರೆ ಆದ್ರೆ ಮನಸ್ಸಿಲ್ಲದ ಮನಸ್ಸಿಂದ. ಪೆಟ್ರೋಲ್ ಫಿಯಟ್, ಪೆಟ್ರೋಲ್ ಅಂಬಾಸಿಡರ್, ಹಳೇ ಜೀಪು ಅಂದ್ರೆ ಕಣ್ಣಲ್ಲಿ ಬೆಳಕು ಬರತ್ತೆ.

ರಿಪೇರಿ ಆದ ಮುಂದಿನ ಭಾನುವಾರ ಅಪ್ಪಯ್ಯನ್ನ ಕೂರಿಸ್ಕೊಂಡು ಆಗುಂಬೆಗೆ ಹೋದೆ. ಪರೀಕ್ಷೆ ಮಾಡಿದ ಹಾಗೂ ಆಯ್ತು ಅಂತ ಘಾಟಿ ಇಳಿದು ಸೋಮೇಶ್ವರ ತನಕ ಹೋಗಿ, ಅಲ್ಲಿಂದ ತಿರುಗಿಸಿ ಹದಿನಾಲ್ಕೂ ತಿರುವು ಹತ್ತಿಸಿದೆ, ಒಂದನೇ ಗೇರು ಎರಡನೇ ಗೇರಲ್ಲೇ, ಇಂಜಿನ್ ಹೀಟ್ ತೋರಿಸೋ ಸೂಜಿ ಸ್ವಲ್ಪ ಮೇಲೆ ಹೋಯ್ತು ಬಿಟ್ರೆ ಒಂದೇ ಒಂದ್ಸಲ ಜಗ್ಗಲಿಲ್ಲ. ಮೇಲೆ ಬಂದಮೇಲೆ ಅಪ್ಪಯ್ಯ ಬಾನೆಟ್ ಮುಟ್ಟಿ ನೋಡಿ ಏನಾಗಿತ್ತಂತೆ ಅಂದ್ರು. ಮುಕ್ಕಾಲು ಅಡಿ ಪೈಪು ಅಂದೆ. ಹೆಂಡತಿಗೆ ಹೇಳ್ಬೇಡ, ಸೀರೆ ಕೇಳ್ತಾಳೆ ಅಂದ್ರು.

ಐದರಲ್ಲಿ ನಾಲ್ಕು ಸ್ಟಾರ್. ಒಂದು ಕಡಿಮೆ ಕೊಟ್ಟಿದ್ದು ಫೋನಿಗೆ. ವೈಪರ್ ಮೋಟರ್ ಹೋಗಿದೆ ಅಂತ ಮೊನ್ನೆಯಿಂದ ಹನ್ನೊಂದು ಸಲ ಮಾಡಿದೀನಿ, ಮೇಸ್ತ್ರಿ ಇನ್ನೂ ಗಾಡಿ ಅಡಿನೇ ಇದಾರಂತೆ.